ಪೂಜೆ ಮಾಡಿದ ಟೇಪು

ಆ ಎರಡು ಟೇಪುಗಳು ನನ್ನ ಅಂಗಡಿಗೆ ಬಂದದ್ದು ಅಕ್ಕಿ ಚೀಲದಲ್ಲಿ. ಶಿವಮೊಗ್ಗದ ನೆಹರೂ ರಸ್ತೆಯಿಂದ ಒಳಗೆ ತಿರುಗುವ ಒಂದು ಓಣಿಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಕೆಟ್ಟ ಹಾರ್ಡ್‌ಡಿಸ್ಕಿನಿಂದ ಮದುವೆ ಫೋಟೋ ತೆಗೆದುಕೊಡಿ, ಚಹಾ ಬಿದ್ದ ಲ್ಯಾಪ್‌ಟಾಪ್ ಬದುಕಿಸಿಕೊಡಿ ಎಂದು ಬರುವವರೇ ಹೆಚ್ಚು. ಚೀಲ ತಂದವರು ಅರವತ್ತು ದಾಟಿದ ಒಬ್ಬ ಸಾಹೇಬರು. ಊಟದ ತಟ್ಟೆಯಷ್ಟು ಅಗಲದ ಎರಡು ಟೇಪಿನ ಸುರುಳಿಗಳನ್ನು ಮೇಜಿನ ಮೇಲಿಟ್ಟರು.

"ಇದ್ರೊಳಗೆ ನಮ್ಮ ಪ್ರೋಗ್ರಾಮ್ ಇದೆ ಸರ್. ಓಡಿಸಿ ಕೊಡ್ಬೇಕು."

"ಎಲ್ಲಿ ಓಡ್ತಿತ್ತು ಇದು?"

"ಭದ್ರಾವತೀಲಿ. ದೊಡ್ಡ ಮಿಷನ್ನು. ಒಂದು ರೂಮ್ ತುಂಬ ಇತ್ತು."

"ಆ ಮಿಷನ್ ಈಗೆಲ್ಲಿದೆ?"

"ಗುಜರಿಗೆ ಹೋಯ್ತು."

ಇಂಥವರನ್ನು ನಯವಾಗಿ ಸಾಗಹಾಕುವುದು ನನಗೆ ಗೊತ್ತಿದೆ. ಆದರೆ ನಾನು ಹಿಂದೆ ಮೇನ್‌ಫ್ರೇಮ್ ಎಂಬ ಅಂಥ ದೊಡ್ಡ ಯಂತ್ರಗಳಿಗೆ ಅಸೆಂಬ್ಲಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದೆನೆಂದು ಯಾರೋ ಪುಣ್ಯಾತ್ಮರು ಅವರ ಕಿವಿಗೆ ಹಾಕಿದ್ದರು. ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. ಏಳುವ ಲಕ್ಷಣ ಕಾಣಲಿಲ್ಲ.

ಅವರು ಭದ್ರಾವತಿಯ ನ್ಯೂಟೌನಿನಾಚೆ ಇದ್ದ ಒಂದು ಎರಕದ ಕಂಪನಿಯಲ್ಲಿ ಫೋರ್‌ಮನ್ ಆಗಿದ್ದವರು. ಈಗ ಆ ಕಂಪನಿಯ ಗೇಟೂ ಉಳಿದಿಲ್ಲ. ಅದು ಮುಚ್ಚಿದ ಮೇಲೆ ಒಂದಷ್ಟು ವರ್ಷ ಅಲ್ಲಿ ಇಲ್ಲಿ ಅಲೆದು, ಕೊನೆಗೆ ಹಳೆಯ ಜೊತೆಗಾರರನ್ನೇ ಕಟ್ಟಿಕೊಂಡು ಮಾಚೇನಹಳ್ಳಿಯಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದು ರೋಲು ಎರಕ ಹೊಯ್ಯಲು ಶುರುಮಾಡಿದ್ದರು. ರೋಲು ಎಂದರೆ ಕಬ್ಬಿಣದ ಸಲಾಕೆ, ಪಟ್ಟಿಗಳನ್ನು ಒತ್ತಿ ತೆಗೆಯುವ ಮಿಲ್ಲುಗಳಲ್ಲಿ ತಿರುಗುವ ದಪ್ಪ ಉರುಳೆ. ಅದನ್ನು ಹೊಯ್ಯುವುದು ದೊಡ್ಡ ಮಾತಲ್ಲವಂತೆ. ಹೊಯ್ದ ಮೇಲೆ ಒಲೆಯಲ್ಲಿಟ್ಟು ಕಾಯಿಸಿ, ಗಂಟೆಗೆ ಇಷ್ಟು ಡಿಗ್ರಿ ಎಂದು ಲೆಕ್ಕ ಹಾಕಿ ತಣಿಸುವುದೇ ನಿಜವಾದ ಕೆಲಸ. ಬೇಗ ತಣಿಸಿದರೆ ಒಡೆಯುತ್ತದೆ. ತೀರಾ ನಿಧಾನ ಮಾಡಿದರೆ ಮೆತ್ತಗಾಗುತ್ತದೆ, ಗಿರಾಕಿ ಮುಟ್ಟುವುದಿಲ್ಲ. ಕಂಪನಿಯಲ್ಲಿ ಆ ಲೆಕ್ಕವನ್ನು ಮೇನ್‌ಫ್ರೇಮ್ ಹಾಕಿಕೊಡುತ್ತಿತ್ತು. ಅಲ್ಲಿಂದ ಬಂದ ಹಾಳೆಯನ್ನು ಒಲೆಯ ಪಕ್ಕ ಅಂಟಿಸಿಕೊಂಡು ಅದರಂತೆ ನಡೆದರಾಯಿತು.

"ಪುಸ್ತಕ ನೋಡಿ ಎರಡು ಮಾಡಿದ್ವಿ ಸರ್. ಎರಡೂ ಹೋದ್ವು. ಇನ್ನೊಂದಕ್ಕೆ ಆಗೋವಷ್ಟು ಮಾತ್ರ ಲೋಹ, ದುಡ್ಡು ಇದೆ. ಅದೂ ಹೋದ್ರೆ ಗಿರಾಕಿ ಇಲ್ಲ, ಗಿರಾಕಿ ಇಲ್ಲದಿದ್ರೆ ಶೆಡ್ ಇಲ್ಲ. ನನ್ನ ಜೊತೆ ಇರೋರೆಲ್ಲ ನನ್ನ ವಯಸ್ಸಿನೋರು. ಇನ್ನೆಲ್ಲೂ ಅವರನ್ನ ಕೆಲಸಕ್ಕೆ ಕರಿಯಲ್ಲ."

"ಎರಡು ಹೇಗೆ ಒಡೆದವು?" ಎಂದು ಕೇಳಿದೆ. ಕುತೂಹಲಕ್ಕೆ ಕೇಳಿದ್ದು ಅಷ್ಟೆ.

ಅವರು ಮುಖ ಆಚೆ ತಿರುಗಿಸಿದರು. "ಒಡೆದದ್ದು ಒಡೀತು ಬಿಡಿ ಸರ್. ಎರಕದೋರು ಅದರ ಮಾತು ಆಡಲ್ಲ. ಮುಂದಿನದಕ್ಕೂ ತಗಲುತ್ತೆ."

ನನ್ನ ಕಸುಬಲ್ಲದ ವಿಷಯದಲ್ಲಿ ಮೂಗು ತೂರಿಸುವುದೇಕೆ ಎಂದು ನಾನೂ ಬಿಟ್ಟೆ. ಟೇಪು ಇಟ್ಟುಹೋಗಿ ಎಂದೆ. ಇದು ಓಡುವುದಿಲ್ಲ ಎಂದು ಆಗಲೇ ನನಗೆ ಮುಕ್ಕಾಲು ಪಾಲು ಖಾತ್ರಿಯಿತ್ತು.

ಎಮ್ಯುಲೇಟರ್ ಎಂದರೆ ಇಲ್ಲದ ಯಂತ್ರವನ್ನು ಇದೆಯೆಂದು ನಂಬಿಸುವ ಒಂದು ತಂತ್ರಾಂಶ. ನನ್ನ ಸಾಧಾರಣ ಪಿಸಿಯ ಮೇಲೆ ಅದನ್ನು ಹಾಕಿದರೆ ಅದರೊಳಗೆ ಒಂದು ಹಳೆಯ ಮೇನ್‌ಫ್ರೇಮ್ ಹುಟ್ಟುತ್ತದೆ. ಲೆಕ್ಕದ ನಡುವೆ ಅಂಕಿ, ವಿಳಾಸಗಳನ್ನು ಹಿಡಿದಿಡುವ ಅದರ ಹದಿನಾರು ರಿಜಿಸ್ಟರುಗಳು, ತೂತು ಹೊಡೆದ ಕಾರ್ಡ್ ಓದುವ ಯಂತ್ರ, ಟೇಪ್ ಡ್ರೈವ್, ಸಾಲು ಸಾಲಾಗಿ ಅಚ್ಚು ಹಾಕುವ ಪ್ರಿಂಟರು, ಎಲ್ಲವೂ ಬರಿಯ ಫೈಲುಗಳಾಗಿ ಬಂದು ಕೂರುತ್ತವೆ. ಅದರ ಮೇಲೆ ಆ ಕಾಲದ ಆಪರೇಟಿಂಗ್ ಸಿಸ್ಟಮ್ ಹಾಕಬೇಕು. ಪುಕ್ಕಟೆ ಸಿಗುವ ಹಳೆಯದೊಂದಿದೆ, ಹಾಕಿದೆ. ಅದು ಎದ್ದು ನಿಂತು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಸಂದೇಶಗಳನ್ನು ಉಗುಳತೊಡಗಿದಾಗ ನಾನು ಒಬ್ಬನೇ ಕೂತು ನಕ್ಕೆ. ಈ ಇಡೀ ಕೆಲಸದಲ್ಲಿ ಮನಸ್ಸಾರೆ ನಕ್ಕದ್ದು ಅದೊಂದೇ ಸಲ.

ಟೇಪು ಓದುವ ಡ್ರೈವು ಶಿವಮೊಗ್ಗದಲ್ಲಿ ಎಲ್ಲಿಂದ ಬರಬೇಕು? ಬೆಂಗಳೂರಿನಲ್ಲಿ ಹಳೆಯ ಟೇಪುಗಳನ್ನು ಓದಿಕೊಡುವವರೊಬ್ಬರಿಗೆ ಎರಡನ್ನೂ ಕಳಿಸಿದೆ. ಅವರು ಓದಿ ಫೈಲು ಕಳಿಸಿದರು. ತೆರೆದರೆ ಪ್ರೋಗ್ರಾಮಿನ ಸಾಲುಗಳೆಲ್ಲ ಚೆನ್ನಾಗಿ ಕಾಣುತ್ತಿದ್ದವು, ಅಂಕಿಗಳಿರಬೇಕಾದ ಕಡೆ ಮಾತ್ರ ಬರೀ ಕಸ. ನೋಡಿದೊಡನೆ ಏನಾಗಿದೆಯೆಂದು ಗೊತ್ತಾಯಿತು. ಮೇನ್‌ಫ್ರೇಮಿನಲ್ಲಿ ಪ್ರತಿ ಅಕ್ಷರಕ್ಕೆ ಕೊಡುವ ಸಂಕೇತ ಬೇರೆ, ಪಿಸಿಯಲ್ಲಿ ಕೊಡುವುದು ಬೇರೆ. ಅವರು ಇಡೀ ಟೇಪನ್ನು ಪಿಸಿಯ ಅಕ್ಷರಗಳಿಗೆ ಬದಲಾಯಿಸಿಬಿಟ್ಟಿದ್ದರು. ಒಂದೊಂದು ಬೈಟಿನಲ್ಲಿ ಎರಡೆರಡು ಅಂಕಿ ಒತ್ತಿ ತುಂಬಿದ ಜಾಗವನ್ನೂ ಅಕ್ಷರವೆಂದೇ ತಿಳಿದು ತಿರುಚಿದ್ದರು.

"ನಿಮಗೆ ಓದೋಕೆ ಸುಲಭ ಆಗ್ಲಿ ಅಂತ ಕನ್ವರ್ಟ್ ಮಾಡಿದ್ದು ಸರ್" ಎಂದರು ಫೋನಿನಲ್ಲಿ.

"ನಿಮ್ಮ ಉಪಕಾರ ಸಾಕು ಮಾರಾಯ್ರೆ. ಟೇಪಲ್ಲಿ ಹೇಗಿದೆಯೋ ಹಾಗೇ ಕಳ್ಸಿ."

ಎರಡನೆಯ ಸಲ ಸರಿಯಾಗಿ ಬಂತು, ಜೊತೆಗೆ ಒಂದು ಮಾತೂ ಬಂತು. ಒಂದು ಟೇಪು ಪೂರ್ತಿ ಓದಿದೆ. ಇನ್ನೊಂದರ ಹೊರಗಿನ ಸುತ್ತುಗಳಲ್ಲಿ ಏನೋ ಕೆಂಪು ಹುಡಿ ಅಂಟಿದೆ, ಶುರುವಿನ ಹಲವು ಬ್ಲಾಕುಗಳು ಓದಲಿಲ್ಲ ಎಂದರು. ಭದ್ರಾವತಿಯ ಕೆಂಪು ಧೂಳಿರಬೇಕು ಎಂದುಕೊಂಡೆ.

ಪೂರ್ತಿ ಓದಿದ ಟೇಪಿನಲ್ಲಿ ಪ್ರೋಗ್ರಾಮುಗಳ ಮೂಲ ಬರಹವಿತ್ತು. ತಣಿಸುವ ಲೆಕ್ಕದ್ದನ್ನು ತೆಗೆದು ಎಮ್ಯುಲೇಟರಿನೊಳಗಿನ ಅಸೆಂಬ್ಲರಿಗೆ, ಅಂದರೆ ಆ ಬರಹವನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮಿಗೆ, ಕೊಟ್ಟೆ. ಪುಟಗಟ್ಟಲೆ ತಪ್ಪುಗಳು ಬಂದವು. ಮುಕ್ಕಾಲು ತಪ್ಪಿಗೆ ಕಾರಣ ಒಂದೇ: ಕಂಪನಿಯವರು ತಮಗಾಗಿ ಬರೆದುಕೊಂಡಿದ್ದ ಮ್ಯಾಕ್ರೋಗಳು, ಅಂದರೆ ಒಂದು ಹೆಸರು ಬರೆದರೆ ಹತ್ತಾರು ಸಾಲುಗಳಾಗಿ ಬಿಚ್ಚಿಕೊಳ್ಳುವ ತುಣುಕುಗಳು, ಟೇಪಿನಲ್ಲಿ ಇರಲೇ ಇಲ್ಲ. ಅವುಗಳ ಹೆಸರಷ್ಟೇ ಇತ್ತು. ಅವು ಏನು ಮಾಡುತ್ತಿದ್ದವೋ ಬರೆದವರಿಗೇ ಗೊತ್ತು.

ಫೋರ್‌ಮನ್ನರಿಗೆ ಫೋನು ಮಾಡಿ, "ಇದನ್ನ ಬರೆದೋರು ಇದ್ದಾರಾ, ಹೋದ್ರಾ?" ಎಂದೆ.

"ಇದ್ದಾರೆ ಸರ್, ಒಬ್ರು ಮೇಡಂ. ಭದ್ರಾವತಿ ಹಳೇನಗರದಲ್ಲಿ. ನಾನೇ ಕರ್ಕೊಂಡು ಹೋಗ್ತೀನಿ."

ಮೇಡಂ ಎಪ್ಪತ್ತರ ಮೇಲಿನವರು. ಬಿಳಿ ಕೂದಲನ್ನು ಬಿಗಿಯಾಗಿ ಕಟ್ಟಿ, ಬಾಗಿಲಲ್ಲೇ ನಿಂತು ನನ್ನನ್ನು ಕೆಳಗಿಂದ ಮೇಲಿನವರೆಗೆ ನೋಡಿದರು. ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿದ್ದ ಒಬ್ಬರೇ ಹೆಂಗಸು ಅವರು. ನಾನು ಮುದ್ರಿಸಿಕೊಂಡು ಹೋದ ಹಾಳೆಗಳನ್ನು ಕನ್ನಡಕದ ಹತ್ತಿರ ಹಿಡಿದು ಓದಿ, "ಈ ಸಾಲು ನಾನು ಬರೆದದ್ದಲ್ಲ, ಯಾರೋ ಕೈ ಹಚ್ಚಿದ್ದಾರೆ" ಎಂದು ಮೊದಲು ಜಗಳಕ್ಕೇ ಬಂದರು. ಆಮೇಲೆ ಕಾಫಿ ಕೊಟ್ಟರು. ಮ್ಯಾಕ್ರೋಗಳು ಒಂದೊಂದೂ ಏನು ಮಾಡುತ್ತಿತ್ತು, ಯಾವ ರಿಜಿಸ್ಟರನ್ನು ಮುಟ್ಟುತ್ತಿರಲಿಲ್ಲ ಎಂಬುದನ್ನು ಹೇಳುತ್ತ ಹೋದರು. ನಾನು ಬರೆದುಕೊಂಡೆ.

"ಅದ್ಸರಿ, ಟೇಬಲ್ ಬಂತಾ?" ಎಂದರು ನಡುವೆ. "ಸೂತ್ರ ಹೆಚ್ಚುಕಮ್ಮಿ ಯಾವ ಪುಸ್ತಕದಲ್ಲೂ ಸಿಗುತ್ತೆ. ನಮ್ಮ ಟೇಬಲ್ಲೇ ಮುಖ್ಯ. ಇಷ್ಟು ದಪ್ಪದ ರೋಲಿಗೆ, ಇಷ್ಟು ಕ್ರೋಮಿಯಮ್ ಇದ್ರೆ, ಎಷ್ಟು ತಿದ್ದಬೇಕು ಅಂತ. ಲ್ಯಾಬಿಂದ ಕಾರ್ಡು ಬರೋದು, ನಾವು ಪಂಚ್ ಮಾಡಿ ಸೇರಿಸೋದು. ಅದು ಇನ್ನೊಂದು ಟೇಪಿನ ಶುರುವಿನಲ್ಲೇ ಇರುತ್ತೆ."

ಕೆಂಪು ಹುಡಿಯ ವಿಷಯ ಹೇಳಿದೆ. ಮೇಡಂ ಲೋಟ ಕೆಳಗಿಟ್ಟರು.

"ಅದು ಧೂಳಲ್ಲ. ಕುಂಕುಮ. ಆಯುಧಪೂಜೆ ದಿನ ಮಿಷನ್ನಿಗೆಲ್ಲ ಪೂಜೆ ಮಾಡ್ತಿದ್ವಿ. ಎಲ್ಲಾ ಟೇಪಿಗೂ ಇಡೋಕಾಗುತ್ತಾ? ಇರೋದ್ರಲ್ಲಿ ಮುಖ್ಯವಾದ ಟೇಪು ಯಾವ್ದೋ ಅದನ್ನ ತಂದು ಮುಂದಿಟ್ಟು, ಗಂಧ ಹಚ್ಚಿ ಕುಂಕುಮ ಇಡೋದು. ಪ್ರತಿ ವರ್ಷ ಅದೇ ಟೇಪು. ಇಡ್ತಿದ್ದದ್ದು ನಾನೇ."

ಅವರ ಮುಖ ನೋಡಿ ನನಗೆ ಕೆಟ್ಟದೆನಿಸಿತು. ಎಷ್ಟೋ ವರ್ಷಗಳ ಭಕ್ತಿ ಸುರುಳಿಯ ಅಂಚಿನಿಂದ ಒಳಗಿಳಿದು, ಯಾವುದನ್ನು ಕಾಪಾಡಲೆಂದು ಬೇಡಿಕೊಂಡಿದ್ದರೋ ಅದನ್ನೇ ತಿಂದು ಹಾಕಿತ್ತು. ಪೂಜೆಯಿಲ್ಲದೆ ಮೂಲೆಯಲ್ಲಿ ಬಿದ್ದಿದ್ದ ಟೇಪು ಮಾತ್ರ ಹೊಸದರ ಹಾಗಿತ್ತು.

ಹೊರಡುವಾಗ ಮೇಡಂ ಫೋರ್‌ಮನ್ನರನ್ನು ಕೇಳಿದರು: "ನೀವೇನು, ಹೊಯ್ಯೋಕೆ ಶುರುಮಾಡಿದೀರಾ?"

"ಇಲ್ಲ ಮೇಡಂ. ನಿಮ್ಮ ಹಾಳೆ ಬರದೆ ಹೇಗೆ ಶುರುಮಾಡೋದು?"

ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ, ಚಪ್ಪಲಿ ಹುಡುಕುತ್ತಿದ್ದರು. ಎರಡು ರೋಲು ಒಡೆದವೆಂದು ಹಳೆಯ ಕಂಪನಿಯವರ ಎದುರು ಹೇಳಿಕೊಳ್ಳಲು ನಾಚಿಕೆ ಇರಬೇಕು. ವಯಸ್ಸಾದವರ ಮರ್ಯಾದೆ ತೆಗೆಯುವುದು ನನ್ನ ಕೆಲಸವಲ್ಲ ಎಂದು ನಾನೂ ಬಾಯಿ ಮುಚ್ಚಿಕೊಂಡೆ. ಬಸ್ಸಿನಲ್ಲಿ ಇಬ್ಬರೂ ಬೇರೆ ಏನೇನೋ ಮಾತಾಡಿಕೊಂಡು ಶಿವಮೊಗ್ಗಕ್ಕೆ ಬಂದೆವು.

ಮ್ಯಾಕ್ರೋಗಳನ್ನು ಬರೆದು ಸೇರಿಸಿದೆ. ಹಳೆಯ ತಪ್ಪುಗಳು ಹೋದವು, ಹೊಸವು ಬಂದವು. ಈ ಭಾಷೆಯಲ್ಲಿ ಒಂದು ರಿಜಿಸ್ಟರನ್ನು ನೆಲೆಯಾಗಿ ಹಿಡಿದರೆ ಅಲ್ಲಿಂದ ನಾಲ್ಕು ಸಾವಿರ ಚಿಲ್ಲರೆ ಬೈಟಿನಷ್ಟು ದೂರಕ್ಕೆ ಮಾತ್ರ ಕೈ ಎಟುಕುತ್ತದೆ. ಮೇಡಂ ತಮ್ಮ ಪ್ರೋಗ್ರಾಮನ್ನು ಆ ಗೆರೆಯೊಳಗೆ ಹದವಾಗಿ ಕೂರಿಸಿದ್ದರು. ನಾನು ಬರೆದ ಮ್ಯಾಕ್ರೋಗಳು ದಢೂತಿಯಾಗಿ, ಪ್ರೋಗ್ರಾಮಿನ ಬಾಲ ಗೆರೆ ದಾಟಿತ್ತು. ಎರಡನೆಯ ರಿಜಿಸ್ಟರ್ ಒಂದನ್ನು ನೆಲೆಯಾಗಿ ಕೊಡೋಣವೆಂದರೆ ಯಾವುದೂ ಖಾಲಿಯಿಲ್ಲ. ಮ್ಯಾಕ್ರೋಗಳನ್ನೇ ಕತ್ತರಿಸಿ ಕತ್ತರಿಸಿ ಸಣ್ಣ ಮಾಡಬೇಕಾಯಿತು. ಅಂಗಡಿಗೆ ಬಂದ ಗಿರಾಕಿಗಳು ಕಾದು ಕಾದು ಎದುರಿನ ಅಂಗಡಿಗೆ ಹೋದರು. ಹೆಂಡತಿ, "ಅದೇನು ಕಬ್ಬಿಣದ ಕೆಲಸವೋ ಕಂಪ್ಯೂಟರ್ ಕೆಲಸವೋ" ಎಂದು ಕೇಳಿದಳು. ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಕೊನೆಗೂ ತಪ್ಪಿಲ್ಲದೆ ಅಸೆಂಬಲ್ ಆಯಿತು. ಓಡಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನಿಂತಿತು: ಜೀರೋ ಸಿ ಸೆವೆನ್.

ಮೇನ್‌ಫ್ರೇಮಿನಲ್ಲಿ ಕೆಲಸ ಮಾಡಿದವರಿಗೆ ಈ ಮೂರಕ್ಷರ ಹಳೆಯ ಶತ್ರು. ಕೂಡು ಎಂದು ಕೊಟ್ಟ ಅಂಕಿ ಅಂಕಿಯೇ ಅಲ್ಲ, ಕಸ ಎಂದು ಯಂತ್ರ ಹೇಳುವ ರೀತಿ ಅದು. ಅಲ್ಲಿ ಸಂಖ್ಯೆಯ ಕೊನೆಯ ಅರ್ಧ ಬೈಟಿನಲ್ಲಿ ಕೂಡುವುದೋ ಕಳೆಯುವುದೋ ಎಂಬ ಗುರುತು ಇರಬೇಕು. ಡಂಪ್, ಅಂದರೆ ನಿಂತ ಕ್ಷಣದಲ್ಲಿ ಯಂತ್ರದ ಮೆಮರಿಯಲ್ಲಿದ್ದದ್ದರ ಪ್ರತಿ, ತೆಗೆದು, ಎಲ್ಲಿ ನಿಂತಿತೋ ಆ ವಿಳಾಸದಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಹೋದರೆ ನೇರ ಟೇಬಲ್ಲಿಗೇ ಬಂದು ನಿಂತೆ. ಫೋರ್‌ಮನ್ನರ ರೋಲಿನ ದಪ್ಪಕ್ಕೆ, ಅವರ ಲೋಹದ ಕ್ರೋಮಿಯಮ್ಮಿಗೆ ಹೊಂದುವ ಸಾಲಿನಲ್ಲಿ ಅಂಕಿಯೂ ಇಲ್ಲ, ಗುರುತೂ ಇಲ್ಲ. ಕುಂಕುಮ ಕುಳಿತದ್ದು ಅಲ್ಲಿ.

ಮುಂದಿನ ಭಾಗವಾದರೂ ಸರಿಯಿದೆಯೇ ನೋಡೋಣವೆಂದು ಆ ಸಾಲಿಗೆ ನಾನೇ ಒಂದು ಸೊನ್ನೆ ತುಂಬಿದೆ. ತಿದ್ದುಪಡಿ ಸೊನ್ನೆ, ಅಂದರೆ ಏನೂ ತಿದ್ದಬೇಡ ಎಂದು. ಅದೇ ಹೊತ್ತಿಗೆ ಫೋರ್‌ಮನ್ನರು ಜೊತೆಗಾರರೊಬ್ಬರನ್ನು ಕರೆದುಕೊಂಡು ಅಂಗಡಿಗೆ ಬಂದರು. ಅವರೆದುರೇ ಓಡಿಸಿದೆ. ಈ ಸಲ ನಿಲ್ಲಲಿಲ್ಲ. ಪ್ರಿಂಟರಿನಿಂದ ಹಾಳೆ ಬಂತು. ಮೇಲೆ ನಕ್ಷತ್ರಗಳ ಸಾಲು, ಕಂಪನಿಯ ಹೆಸರು, ಕೆಳಗೆ ಗಂಟೆ ಮತ್ತು ಡಿಗ್ರಿಗಳ ಎರಡು ಕಂಬ, ಎಲ್ಲ ದೊಡ್ಡಕ್ಷರಗಳಲ್ಲಿ.

"ಯಾ ಅಲ್ಲಾ" ಎಂದರು ಫೋರ್‌ಮನ್ನರು. ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಜೊತೆಗಾರರಿಗೆ ತೋರಿಸಿದರು. "ಅದೇ! ನೋಡ್ಲೇ, ಅದೇ ಪ್ರಿಂಟು!"

"ಸಾಹೇಬ್ರೆ, ಇದನ್ನ ನಂಬಬೇಡಿ. ನಿಮಗೆ ಬೇಕಾದ ಸಾಲು ಹಾಳಾಗಿದೆ. ಅಲ್ಲಿ ನಾನೇ ಸೊನ್ನೆ ಹಾಕಿದೀನಿ, ಓಡುತ್ತಾ ಇಲ್ವಾ ಅಂತ ನೋಡೋಕೆ."

"ಪುಸ್ತಕದ ಲೆಕ್ಕಕ್ಕಿಂತ ಬೇರೆ ಬಂದಿದೆಯಲ್ಲ ಸರ್. ಇಲ್ಲಿ ನೋಡಿ, ಸ್ವಲ್ಪ ನಿಧಾನ ಇದೆ."

"ಮೇಡಂ ಸೂತ್ರ ಸ್ವಲ್ಪ ಬೇರೆ, ಅದಕ್ಕೆ. ತಿದ್ದುಪಡಿ ಇಲ್ಲದೆ ಇದು ಅರ್ಧ ಲೆಕ್ಕ."

ಆಯ್ತು ಆಯ್ತು ಎಂದು ತಲೆಯಾಡಿಸಿದರು. ಮೇಡಂಗೆ ತೋರಿಸುತ್ತೇನೆಂದು ಮೊಬೈಲಿನಲ್ಲಿ ಹಾಳೆಯ ಫೋಟೋ ತೆಗೆದುಕೊಂಡರು. ಬೇಡವೆನ್ನಲು ನನಗೆ ಮನಸ್ಸು ಬರಲಿಲ್ಲ. ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಟೇಪನ್ನು ಬೆಂಗಳೂರಿನವರು ಇನ್ನೊಮ್ಮೆ ಒರೆಸಿ, ನಿಧಾನವಾಗಿ ಓದಿಸಿ ನೋಡಿದರು. ಟೇಬಲ್ಲಿನ ಕೆಲವು ಸಾಲುಗಳು ಮರಳಿ ಬಂದವು, ನಮಗೆ ಬೇಕಾದದ್ದು ಬರಲಿಲ್ಲ. ಗಂಧದ ನೀರು ತಾಗಿದ ಕಡೆ ಟೇಪಿನ ಮೇಲಿನ ಲೇಪನವೇ ಎದ್ದುಹೋಗಿದೆ, ಓದಲು ಅಲ್ಲಿ ಏನೂ ಉಳಿದಿಲ್ಲ ಎಂದರು. ಅಕ್ಕಪಕ್ಕದ ಸಾಲುಗಳನ್ನು ನೋಡಿ ನಡುವಿನದನ್ನು ಊಹಿಸಬಹುದೇ ಎಂದು ಹವಣಿಸಿದೆ. ಮೇಲಿನ ಸಾಲು ಕೂಡು ಎಂದರೆ ಕೆಳಗಿನದು ಕಳೆ ಎನ್ನುತ್ತಿತ್ತು. ಒಂದು ಕಡೆ ಇಂಥ ಡಿಗ್ರಿಯಲ್ಲಿ ನಿಲ್ಲಿಸು, ಇನ್ನೊಂದು ಕಡೆ ನಿಲ್ಲಿಸಲೇಬೇಡ. ಅದರಲ್ಲಿ ಒಂದು ಕ್ರಮವೆಂಬುದೇ ಇರಲಿಲ್ಲ. ಮೇಡಂಗೆ ಫೋನು ಮಾಡಿದರೆ, "ಅದು ಊಹೆ ಮಾಡೋ ಟೇಬಲ್ ಅಲ್ಲ. ಊಹೆ ಮಾಡೋ ಹಾಗಿದ್ರೆ ಸೂತ್ರಕ್ಕೇ ಸೇರಿಸ್ತಿರ್ಲಿಲ್ವಾ ನಾನು?" ಎಂದು ಗದರಿದರು.

ಆಗ ನಾನೊಂದು ತೀರ್ಮಾನಕ್ಕೆ ಬಂದೆ. ಹಾಕಿದ್ದ ಸೊನ್ನೆಯನ್ನು ತೆಗೆದುಹಾಕಿದೆ. ಆ ದಪ್ಪದ ರೋಲು ಕೇಳಿದರೆ ಪ್ರೋಗ್ರಾಮು ಜೀರೋ ಸಿ ಸೆವೆನ್ ಎಂದು ನಿಲ್ಲಲಿ, ಅಂದವಾದ ಹಾಳೆಯಲ್ಲಿ ಸುಳ್ಳು ಹೇಳುವುದು ಬೇಡ ಎನಿಸಿತು. ಇಷ್ಟೆಲ್ಲ ಒದ್ದಾಡಿ ಕೊನೆಗೆ ಓಡದಂತೆ ಮಾಡಿಟ್ಟ ಪ್ರೋಗ್ರಾಮು ನನ್ನ ಜೀವಮಾನದಲ್ಲಿ ಇದೊಂದೇ.

ಫೋರ್‌ಮನ್ನರಿಗೆ ಫೋನಿನಲ್ಲಿ ಬಿಡಿಸಿ ಹೇಳಿದೆ. "ಆಗಲಿಲ್ಲ ಸಾಹೇಬ್ರೆ. ಬೇರೆ ದಪ್ಪದ ರೋಲಾದ್ರೆ ಕೊಡ್ತೀನಿ. ನಿಮ್ಮದಕ್ಕೆ ಕೊಡೋಕಾಗಲ್ಲ. ಹೊಯ್ಯಬೇಡಿ."

"ಗಿರಾಕಿ ಕೇಳಿರೋದು ಇದೊಂದೇ ದಪ್ಪ ಸರ್."

"ಗೊತ್ತು."

"ಆಯ್ತು ಸರ್. ನೀವು ಬಹಳ ಕಷ್ಟ ಪಟ್ರಿ."

ಅವರು ಹೊಯ್ದರು. ನನಗೆ ತಿಳಿದದ್ದು ಒಡೆದ ಮೇಲೆ. ಅಂಗಡಿಗೆ ಅವತ್ತು ಬಂದಿದ್ದ ಜೊತೆಗಾರರು ಫೋನು ಮಾಡಿ, "ಬಂದು ಹೋಗಿ ಸರ್, ಅವರು ಮಾತೇ ಆಡ್ತಿಲ್ಲ" ಎಂದರು. ಸ್ಕೂಟರ್ ಹತ್ತಿ ಮಾಚೇನಹಳ್ಳಿಗೆ ಹೋದೆ.

ಒಲೆಯ ಬಾಗಿಲು ಎತ್ತಿದ್ದರು. ರೋಲು ಟ್ರಾಲಿಯ ಮೇಲೆ ಮಲಗಿತ್ತು. ನಡುವಿನಲ್ಲಿ ಸುತ್ತಲೂ ಒಂದು ಗೆರೆ, ತೆಳ್ಳಗೆ, ಪೆನ್ಸಿಲಿನಲ್ಲಿ ಎಳೆದ ಹಾಗೆ. ಇಷ್ಟು ಸಣ್ಣದಕ್ಕೆ ಇಡೀ ರೋಲು ಹೋಯಿತೇ ಎಂದು ನಂಬಲು ಕಷ್ಟವಾಯಿತು. ಒಲೆಯ ಪಕ್ಕದ ಹಲಗೆಯಲ್ಲಿ ನನ್ನ ಅಂಗಡಿಯ ಹಾಳೆ ಅಂಟಿಸಿದ್ದರು, ಫೋಟೋದಿಂದ ದೊಡ್ಡದು ಮಾಡಿ ಮುದ್ರಿಸಿಕೊಂಡದ್ದು. ಪ್ರತಿ ಗಂಟೆಯ ಮುಂದೆ ಪೆನ್ನಿನಲ್ಲಿ ಗುರುತು ಹಾಕಿದ್ದರು. ಒಂದು ಕಡೆ ಗುರುತು ನಿಂತಿತ್ತು.

ನನಗೆ ಸಿಟ್ಟು ಬಂತು. "ಹೇಳಿದ್ನಲ್ಲ ಸಾಹೇಬ್ರೆ, ಅದು ನನ್ನ ಸೊನ್ನೆ ಅಂತ!"

ಫೋರ್‌ಮನ್ನರು ಇಟ್ಟಿಗೆಯ ಮೇಲೆ ಕೂತಿದ್ದರು. ತಲೆ ಎತ್ತದೆ ಹೇಳಿದರು: "ಅದು ನಮ್ಮ ಕಂಪ್ನಿ ಪ್ರಿಂಟು ಸರ್. ಮೂವತ್ತು ವರ್ಷ ಆ ಹಾಳೆ ಬಂದ ಮೇಲೆ ಯಾರೂ ಪ್ರಶ್ನೆ ಕೇಳಿಲ್ಲ. ಅದನ್ನ ಕಣ್ಣಲ್ಲಿ ನೋಡಿದ ಮೇಲೆ ಇದು ಸುಳ್ಳು ಅಂತ ಮನಸ್ಸಿಗೆ ಬರ್ಲೇ ಇಲ್ಲ."

ನಾನು ಅವರ ಪಕ್ಕ ಕೂತೆ. ಉಳಿದವರು ಆಗಲೇ ಸರಪಳಿ, ಚಿಮಟಗಳನ್ನು ಒರೆಸಿ ಒಂದೆಡೆ ಇಡುತ್ತಿದ್ದರು. ಶೆಡ್ಡಿನ ಹಿಂದೆ ತಾಡಪಾಲು ಹೊದಿಸಿದ ಎರಡು ಗುಡ್ಡೆಗಳಿದ್ದವು. ಅವೇನೆಂದು ಕೇಳುವುದು ಬೇಕಿರಲಿಲ್ಲ.

ಮೇಡಂಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಮರುದಿನ ಫೋನು ಮಾಡಿ, ರೋಲು ಒಡೆಯಿತು ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ಎಷ್ಟು ಡಿಗ್ರೀಲಿ ಒಡೀತು?" ಎಂದರು.

"ನನಗೆ ಗೊತ್ತಿಲ್ಲ ಮೇಡಂ."

"ಕೇಳಿ. ಒಲೇಲಿ ಟಣ್ ಅಂತ ಶಬ್ದ ಬರುತ್ತೆ. ಆಗ ಎಷ್ಟು ಡಿಗ್ರಿ ಇತ್ತು, ಗಂಟೆಗೆ ಎಷ್ಟು ಇಳಿಸ್ತಿದ್ರು, ಅಷ್ಟು ಸಾಕು. ಒಂದು ಒಡೆದ್ರೆ ಒಂದು ಕಾರ್ಡು."

"ಏನು ಕಾರ್ಡು?"

"ಟೇಬಲ್ಲಿಗೆ! ಮತ್ತೆ ತಿದ್ದುಪಡಿ ಎಲ್ಲಿಂದ ಬರ್ತಿತ್ತು ಅಂದ್ಕೊಂಡ್ರಿ? ರೋಲು ಒಡೆದ ಕೂಡ್ಲೆ ಲ್ಯಾಬಿನೋರು ಓಡಿ ಹೋಗಿ ಬರ್ಕೊಂಡು ಬರೋರು. ಅದನ್ನ ತಗೊಂಡು ಸಾಲು ಮಾಡೋಕೆ ಇನ್ನೊಂದು ಚಿಕ್ಕ ಪ್ರೋಗ್ರಾಮ್ ಇದೆ. ಮೂಲದ ಟೇಪಲ್ಲೇ ಇರಬೇಕಲ್ಲ?"

ಇತ್ತು. ಅದನ್ನು ನಾನು ನೋಡಿದ್ದೆ. ಏನೋ ಕಾರ್ಡು ಓದಿ ಟೇಬಲ್ಲಿಗೆ ಬರೆಯುವ ಪ್ರೋಗ್ರಾಮು, ನಮಗೆ ಬೇಡ ಎಂದು ಬದಿಗೆ ಸರಿಸಿದ್ದೆ.

"ಒಂದು ಸಾಲಿಗೆ ಎಷ್ಟು ಒಡೀಬೇಕು ಮೇಡಂ?"

"ಒಂದು ಸಾಕು ಅನ್ನೋ ಹಾಗಿಲ್ಲ. ಎರಡು ಇದ್ರೆ ಚೆನ್ನಾಗಿ ಸಿಗುತ್ತೆ. ಇವರ ಹತ್ರ ಒಂದೇ ಇದೆಯಲ್ಲ, ಪಾಪ."

"ಮೇಡಂ, ಇದಕ್ಕೆ ಮೊದಲೇ ಎರಡು ಒಡೆದಿವೆ. ಅದೇ ದಪ್ಪ, ಅದೇ ಲೋಹ."

"ಯಾವ ಎರಡು?"

ಹೇಳಿದೆ. ಅವರು, "ನನ್ನ ಹತ್ರ ಯಾಕೆ ಹೇಳಲಿಲ್ಲ?" ಎಂದರು. ಯಾರನ್ನು ಕೇಳಿದರೋ ತಿಳಿಯಲಿಲ್ಲ. ಆ ದಿನ ಫೋರ್‌ಮನ್ನರು ಇಲ್ಲವೆಂದಾಗ ಅವರ ಮನೆಯ ಬಾಗಿಲಲ್ಲಿ ನಾನೂ ಇದ್ದೆನಲ್ಲ.

ಫೋರ್‌ಮನ್ನರಿಗೆ ಫೋನು ಮಾಡಿ ಮೂರರದ್ದೂ ಕೇಳಿದೆ. ಈಗ ಮುಚ್ಚಿಡುವುದೇನಿದೆ ಎಂದು ಮೂರನ್ನೂ ಹೇಳಿದರು. ಯಾವ ಗಂಟೆಯಲ್ಲಿ, ಎಷ್ಟು ಡಿಗ್ರಿಯಲ್ಲಿ ಸದ್ದು ಬಂತು, ಆಗ ಒಲೆಯ ಬಳಿ ಯಾರಿದ್ದರು, ಎಲ್ಲವೂ ಅವರ ಬಾಯಲ್ಲೇ ಇತ್ತು. ಕಂಪನಿಯಲ್ಲಿ ಲ್ಯಾಬಿನವರು ಬಂದು ಬರೆದುಕೊಂಡು ಹೋಗುತ್ತಿದ್ದದ್ದು ಮೆಮೋ ಕೊಡುವುದಕ್ಕೆ, ಯಾರ ತಪ್ಪೆಂದು ಹುಡುಕುವುದಕ್ಕೆ ಎಂದೇ ಎರಕದವರು ಕೊನೆಯವರೆಗೂ ತಿಳಿದಿದ್ದರಂತೆ. ಅದಕ್ಕೇ ಒಡೆದದ್ದರ ಮಾತು ಆಡುವುದಿಲ್ಲ ಎಂಬ ರೂಢಿ ಬೆಳೆದದ್ದು.

ಆ ಚಿಕ್ಕ ಪ್ರೋಗ್ರಾಮು ಒಂದೇ ಏಟಿಗೆ ಅಸೆಂಬಲ್ ಆಯಿತು. ನನ್ನ ಮ್ಯಾಕ್ರೋಗಳೇ ಅದಕ್ಕೂ ಸಾಕಾದವು. ಮೂರನೆಯದನ್ನು ಸೇರಿಸಲಿಲ್ಲ. ಮೊದಲೆರಡು ಒಡೆದ ರೋಲುಗಳ ಕಾರ್ಡುಗಳನ್ನು ಮಾತ್ರ ಕೊಟ್ಟೆ. ಯಾಕೆ ಹಾಗೆ ಮಾಡಿದೆನೆಂದರೆ, ಮೊದಲ ದಿನವೇ ಕೇಳಿ ತಿಳಿದಿದ್ದರೆ ಏನು ಬರುತ್ತಿತ್ತು ಎಂದು ನನಗೆ ನೋಡಬೇಕಿತ್ತು. ಹಾಳಾಗಿದ್ದ ಸಾಲಿನಲ್ಲಿ ಸರಿಯಾದ ಅಂಕಿ, ಅದರ ಕೊನೆಯಲ್ಲಿ ಸರಿಯಾದ ಗುರುತು ಬಂದು ಕುಳಿತವು. ದೊಡ್ಡ ಪ್ರೋಗ್ರಾಮು ಎಲ್ಲೂ ನಿಲ್ಲದೆ ಓಡಿತು. ಹಾಳೆ ಬಂತು. ಮೂರನೆಯ ರೋಲು ಒಡೆದ ಡಿಗ್ರಿಗಿಂತ ಸ್ವಲ್ಪ ಮೇಲೆಯೇ ಅದು ಒಂದು ಕಡೆ ತಣಿಸುವುದನ್ನು ತಡೆದು ನಿಲ್ಲಿಸಲು ಹೇಳುತ್ತಿತ್ತು.

ಶೆಡ್ಡಿನ ಕೀಲಿ ಮಾಲೀಕರಿಗೆ ಕೊಟ್ಟು ಬಂದ ದಿನ ಫೋರ್‌ಮನ್ನರು ಟೇಪುಗಳನ್ನು ವಾಪಸು ಒಯ್ಯಲು ಅಂಗಡಿಗೆ ಬಂದರು. ಆ ಹಾಳೆಯನ್ನು ತೋರಿಸಬಾರದೆಂದು ನಾನು ಡ್ರಾಯರಿನಲ್ಲಿ ಇಟ್ಟಿದ್ದೆ. ಅವರು ಕೂತರು, ನೀರು ಕುಡಿದರು.

"ಮೇಡಂ ಏನೋ ಲೆಕ್ಕ ಹೇಳಿದ್ರಂತಲ್ಲ ಸರ್. ಬಂತಾ?"

ಸುಳ್ಳು ಹೇಳಲು ಬಾಯಿ ತೆರೆದೆ. ಆಗಲಿಲ್ಲ. ಇನ್ನು ಈ ವಿಷಯದಲ್ಲಿ ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡುವುದು ಬೇಡವೆನಿಸಿತು. ಹಾಳೆ ತೆಗೆದು ಕೊಟ್ಟೆ. ಮೊದಲಿನ ಎರಡರಿಂದಲೇ ಬಂದದ್ದು ಎಂದೂ ಹೇಳಿದೆ.

ಅವರು ಕನ್ನಡಕ ಹಾಕಿಕೊಂಡು ಗಂಟೆಗಳ ಕಂಬದ ಮೇಲೆ ಬೆರಳಿಟ್ಟು ಕೆಳಗಿಳಿಯುತ್ತ ಹೋದರು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ಒಂದು ದಿನ ಹಾಗೇ ಬಿಡಬೇಕಿತ್ತಾ?"

"ಹೌದು ಸಾಹೇಬ್ರೆ."

"ಅಷ್ಟೇನಾ?"

"ಅಷ್ಟೇ."

ಅವರು ಬೆರಳು ತೆಗೆಯಲಿಲ್ಲ.

"ಬಿಡ್ತಿದ್ವಲ್ಲ ಸರ್" ಎಂದರು. "ಒಂದು ದಿನ ಏನು, ಎಂಟು ದಿನ ಬಿಡಿ ಅಂದ್ರೂ ಒಲೆ ಮುಂದೆ ಕೂತಿರ್ತಿದ್ವಿ. ನಮಗೇನು ಬೇರೆ ಕೆಲಸ ಇತ್ತು?"